ಮನೆಯ ತಂಡ, ಬೀದಿಯ ತಂಡ: ಗಡಿನಾಡಿನ ಕಬಡ್ಡಿ ಅಭಿಮಾನಿಯ ಒಂದು ಋತು

ಕಳೆದ ಅಕ್ಟೋಬರ್ 26ರ ಭಾನುವಾರ ದೆಹಲಿಯ ತ್ಯಾಗರಾಜ ಒಳಾಂಗಣ ಕ್ರೀಡಾಂಗಣದಲ್ಲಿ ಪ್ರೊ ಕಬಡ್ಡಿ ಲೀಗಿನ ಮಿನಿ ಕ್ವಾಲಿಫೈಯರ್ ಪಂದ್ಯ ನಡೆಯಿತು. ಲೀಗ್ ಹಂತದಲ್ಲಿ ಮೂರನೆಯ ಸ್ಥಾನ ಪಡೆದ ಬೆಂಗಳೂರು ಬುಲ್ಸ್ ಒಂದು ಕಡೆ, ನಾಲ್ಕನೆಯ ಸ್ಥಾನದ ತೆಲುಗು ಟೈಟನ್ಸ್ ಇನ್ನೊಂದು ಕಡೆ. ದೇಶದ ಉಳಿದ ಪ್ರೇಕ್ಷಕರಿಗೆ ಇದು ಪ್ಲೇ ಆಫ್‌ನ ಹಲವು ಪಂದ್ಯಗಳಲ್ಲಿ ಒಂದು. ಆದೋನಿ, ಆಲೂರು, ಹೊಳಗುಂದ, ಕೌತಾಳಂ, ಕೋಸಿಗಿ ಭಾಗದ ಕನ್ನಡ ಕುಟುಂಬಗಳ ಪಾಲಿಗೆ ಮಾತ್ರ ಇದರ ಅರ್ಥ ಬೇರೆ. ಮನೆಯೊಳಗಿನ ನುಡಿಯ ಹೆಸರಿನಲ್ಲಿ ಆಡುವ ತಂಡವೂ ಬೀದಿಯ ನುಡಿಯ ಹೆಸರಿನಲ್ಲಿ ಆಡುವ ತಂಡವೂ ಎದುರುಬದುರಾಗಿ ನಿಂತವು. ಸೋತವರ ಹಾದಿ ಕಿರಿದಾಗುವುದಿತ್ತು. ಟೈಟನ್ಸ್ 37–32 ಅಂಕಗಳಿಂದ ಗೆದ್ದಿತು.

ಐದು ಅಂಕಗಳ ಅಂತರವು ಕಬಡ್ಡಿಯಲ್ಲಿ ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ಎದುರಾಳಿಯ ಏಳೂ ಜನರನ್ನು ಹೊರಹಾಕಿದರೆ ದೊರೆಯುವ ಆಲ್‌ಔಟ್‌ಗೆ ಹೆಚ್ಚುವರಿ ಎರಡು ಅಂಕ. ಉಳಿದದ್ದು ಮೂರು ಯಶಸ್ವಿ ದಾಳಿಗಳ ಲೆಕ್ಕ. ಒಂದು ದಾಳಿಯ ಅವಧಿ 30 ಸೆಕೆಂಡು. ಒಂದೂವರೆ ನಿಮಿಷದ ಆಟ ಮತ್ತು ಒಂದು ಆಲ್‌ಔಟ್ ಇಡೀ ಋತುವಿನ ಗತಿಯನ್ನು ಬದಲಿಸಿದವು ಎಂದು ಬುಲ್ಸ್ ಅಭಿಮಾನಿ ಇಂದಿಗೂ ಕೊರಗುವುದರಲ್ಲಿ ಅತಿಶಯವಿಲ್ಲ. ಮರುದಿನ ಪಾಟ್ನಾ ಪೈರೇಟ್ಸ್ ಎದುರು ಸೋತು ಬೆಂಗಳೂರು ತಂಡ ಸ್ಪರ್ಧೆಯಿಂದ ನಿರ್ಗಮಿಸಿತು. ಟೈಟನ್ಸ್ ಅದೇ ಪಾಟ್ನಾವನ್ನು ಮಣಿಸಿ, ಎರಡನೆಯ ಕ್ವಾಲಿಫೈಯರ್‌ನಲ್ಲಿ ಪುಣೇರಿ ಪಲ್ಟನ್‌ಗೆ ಶರಣಾಯಿತು. ಅಕ್ಟೋಬರ್ 31ರಂದು ದಬಂಗ್ ದೆಹಲಿ ತಂಡವು ಪುಣೆಯನ್ನು 31–28ರಿಂದ ಸೋಲಿಸಿ ಕಿರೀಟ ಧರಿಸಿತು.

ಈ ಸೋಲಿನ ನೋವನ್ನು ಅಳೆಯಬೇಕಾದರೆ ಹಿಂದಿನ ವರ್ಷವನ್ನು ನೆನೆಯಬೇಕು. 2024ರ ಹನ್ನೊಂದನೆಯ ಆವೃತ್ತಿಯಲ್ಲಿ ಬುಲ್ಸ್ 22 ಪಂದ್ಯಗಳನ್ನಾಡಿ ಗೆದ್ದದ್ದು ಕೇವಲ ಎರಡು. ಹನ್ನೆರಡು ತಂಡಗಳ ಪಟ್ಟಿಯಲ್ಲಿ ಅದಕ್ಕೆ ಕೊನೆಯ ಸ್ಥಾನ. ಲೀಗಿನ ಇತಿಹಾಸದಲ್ಲೇ ಅತಿ ಹೆಚ್ಚು ದಾಳಿ ಅಂಕ ಗಳಿಸಿದ ಪ್ರದೀಪ್ ನರ್ವಾಲ್ ತಂಡದಲ್ಲಿದ್ದೂ ಆ ಗತಿ ಬಂದಿತ್ತು. 2015ರಲ್ಲಿ ಅಂತಿಮ ಪಂದ್ಯ ತಲುಪಿದ್ದ, 2019ರ ಜನವರಿ 5ರಂದು ಮುಂಬೈಯಲ್ಲಿ ಗುಜರಾತ್ ತಂಡವನ್ನು 38–33ರಿಂದ ಸೋಲಿಸಿ ಪ್ರಶಸ್ತಿ ಎತ್ತಿದ್ದ ತಂಡವೊಂದು ಹೀಗೆ ಕುಸಿದಾಗ, ಶಾಲೆಯ ಅಂಗಳದಲ್ಲಿ ಬುಲ್ಸ್ ಹೆಸರು ಹೇಳುವ ಮಕ್ಕಳು ಗೆಳೆಯರ ಗೇಲಿಗೆ ಗುರಿಯಾದದ್ದು ಸಹಜ.

ಆದರೆ ಗೇಲಿ ಮಾಡುವ ಗೆಳೆಯರಿಗೂ ಹಳೆಯ ಗಾಯವೊಂದಿತ್ತು. ತೆಲುಗು ಟೈಟನ್ಸ್ ಎಂಟು, ಒಂಬತ್ತು ಹಾಗೂ ಹತ್ತನೆಯ ಆವೃತ್ತಿಗಳಲ್ಲಿ ಸತತವಾಗಿ ಪಟ್ಟಿಯ ಅಡಿಯಲ್ಲೇ ಉಳಿದಿತ್ತು. ಆ ಮೂರೂ ವರ್ಷಗಳ 66 ಲೀಗ್ ಪಂದ್ಯಗಳಲ್ಲಿ ಅದು ಗೆದ್ದದ್ದು ಐದನ್ನು ಮಾತ್ರ. 2016ರ ನಂತರ ಪ್ಲೇ ಆಫ್ ಎಂಬುದನ್ನೇ ಕಂಡಿರಲಿಲ್ಲ. ಹೀಗಾಗಿ 2025ರ ಋತು ಗಡಿಯ ಎರಡೂ ಬಗೆಯ ಅಭಿಮಾನಿಗಳಿಗೆ ಒಟ್ಟಿಗೆ ಒದಗಿದ ಪುನರುಜ್ಜೀವನ.

ಬುಲ್ಸ್ ಪಾಲಿಗೆ ಆ ಪುನರುಜ್ಜೀವನದ ಹಿಂದೆ ಕನ್ನಡಿಗರೊಬ್ಬರಿದ್ದರು. ಮೊದಲ ಆವೃತ್ತಿಯಿಂದ ತಂಡವನ್ನು ಕಟ್ಟಿ ಬೆಳೆಸಿದ ರಣಧೀರ್ ಸಿಂಗ್ ಸೆಹ್ರಾವತ್ ಅವರ ಸ್ಥಾನಕ್ಕೆ ಅರ್ಜುನ ಪ್ರಶಸ್ತಿ ಪುರಸ್ಕೃತ ಬಿ. ಸಿ. ರಮೇಶ್ ತರಬೇತುದಾರರಾಗಿ ಬಂದರು. ಬುಲ್ಸ್ ಗೆದ್ದ ಏಕೈಕ ಪ್ರಶಸ್ತಿಯ ಋತುವಿನಲ್ಲಿ ಅವರು ಸಹಾಯಕ ತರಬೇತುದಾರರಾಗಿದ್ದರು. ಆನಂತರ 2019ರಲ್ಲಿ ಬೆಂಗಾಲ್ ವಾರಿಯರ್ಸ್, 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್ ಅವರ ಮಾರ್ಗದರ್ಶನದಲ್ಲೇ ಚಾಂಪಿಯನ್ ಆದವು. ದುಬಾರಿ ತಾರೆಯರಿಗಿಂತ ಹೊಸ ಹುಡುಗರನ್ನು ನಂಬಿ ತಂಡ ಕಟ್ಟುವುದು ಅವರ ಕ್ರಮ.

ಆರಂಭ ಆಶಾದಾಯಕವಾಗಿರಲಿಲ್ಲ. ಆಗಸ್ಟ್ 29ರಂದು ಋತು ತೆರೆದುಕೊಂಡದ್ದು ವಿಶಾಖಪಟ್ಟಣದಲ್ಲಿ, ಅಂದರೆ ನಮ್ಮದೇ ರಾಜ್ಯದ ಇನ್ನೊಂದು ತುದಿಯಲ್ಲಿ. ಈ ಆವೃತ್ತಿಯ ಪಂದ್ಯಗಳು ವಿಶಾಖಪಟ್ಟಣ, ಜೈಪುರ, ಚೆನ್ನೈ ಮತ್ತು ದೆಹಲಿಯಲ್ಲಿ ನಡೆದವೇ ಹೊರತು ಬೆಂಗಳೂರಿನಲ್ಲಾಗಲಿ ಹೈದರಾಬಾದಿನಲ್ಲಾಗಲಿ ಅಲ್ಲ. ಬೆಂಗಳೂರಿನ ತಂಡ ಬೆಂಗಳೂರಿನಲ್ಲಿ ಆಡದೆ ಆಂಧ್ರಕ್ಕೆ ಬಂದು ಆಡಿದ ವಿಚಿತ್ರ ಸನ್ನಿವೇಶವದು. ಮೊದಲ ದಿನ ಬುಲ್ಸ್ ಮತ್ತು ಪುಣೇರಿ ಪಲ್ಟನ್ 32–32ರಲ್ಲಿ ಸಮನಾದವು. ಲೀಗ್ ಹಂತದಲ್ಲಿ ಹೊಸದಾಗಿ ತಂದ ಟೈಬ್ರೇಕರ್ ನಿಯಮದಂತೆ ತಲಾ ಐದು ದಾಳಿಗಳ ಅವಕಾಶ ದೊರೆಯಿತು. ಅದರಲ್ಲಿ ಪುಣೆ 6–4ರಿಂದ ಗೆದ್ದಿತು. ಮುಂದಿನ ಎರಡು ಪಂದ್ಯಗಳಲ್ಲೂ ಸೋಲು. ಹಳೆಯ ಕಥೆಯೇ ಮರುಕಳಿಸಿತೆಂದು ಅಭಿಮಾನಿ ನಿಟ್ಟುಸಿರುಬಿಟ್ಟ. ಆಮೇಲೆ ಗೂಳಿಗಳು ಎದ್ದವು. ಇರಾನಿನ ಅಲಿರೆಜಾ ಮಿರ್ಜಾಯಿಯನ್ ದಾಳಿಯ ಹೊಣೆ ಹೊತ್ತರು. ರಕ್ಷಣೆ ಗಟ್ಟಿಯಾಯಿತು. 18 ಪಂದ್ಯಗಳ ಕೊನೆಗೆ ತಂಡದ ಖಾತೆಯಲ್ಲಿ 11 ಗೆಲುವು, 22 ಅಂಕ.

ಇಲ್ಲಿಯೇ ಅಭಿಮಾನಿಯ ಲೆಕ್ಕಾಚಾರ ಆರಂಭವಾಗುವುದು. ಹಿಂದೆ ಗೆಲುವಿಗೆ ಐದು ಅಂಕವಿದ್ದು, ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತವರಿಗೂ ಒಂದು ಅಂಕ ಸಲ್ಲುತ್ತಿತ್ತು. ಈ ಸಲ ಗೆದ್ದವರಿಗೆ ಎರಡು, ಸೋತವರಿಗೆ ಶೂನ್ಯ. ಮೊದಲ ಎರಡು ಸ್ಥಾನ ಪಡೆದ ಪುಣೆ ಮತ್ತು ದೆಹಲಿ ತಲಾ 26 ಅಂಕ ಗಳಿಸಿದವು. ಬುಲ್ಸ್‌ಗೂ ಅವಕ್ಕೂ ನಡುವೆ ಇದ್ದದ್ದು ಎರಡೇ ಗೆಲುವುಗಳ ಅಂತರ. ಅಗ್ರ ಎರಡು ತಂಡಗಳಿಗೆ ಅಂತಿಮ ಪಂದ್ಯ ಒಂದೇ ಗೆಲುವಿನ ದೂರದಲ್ಲಿತ್ತು. ಮೂರನೆಯ ಸ್ಥಾನದವರು ಮಿನಿ ಕ್ವಾಲಿಫೈಯರ್, ಎಲಿಮಿನೇಟರ್, ಎರಡನೆಯ ಕ್ವಾಲಿಫೈಯರ್ ಎಂಬ ಮೂರು ಬೇಲಿಗಳನ್ನು ಕೆಲವೇ ದಿನಗಳಲ್ಲಿ ಹಾರಬೇಕಿತ್ತು. ಮೊದಲ ದಿನದ ಆ ಟೈಬ್ರೇಕರ್ ದಕ್ಕಿದ್ದರೆ, ಆರಂಭದ ಇನ್ನೊಂದು ಪಂದ್ಯ ಒಲಿದಿದ್ದರೆ ಎಂಬ ಹಳಹಳಿಕೆಗೆ ಹೀಗೆ ಗಣಿತದ ಆಧಾರವೂ ಇದೆ. ತಡವಾಗಿ ಎಚ್ಚೆತ್ತವರಿಗೆ ಈ ಪದ್ಧತಿಯಲ್ಲಿ ಕ್ಷಮೆಯಿಲ್ಲ. ಮುಂದಿನ ಋತುವಿನಲ್ಲಿ ಬುಲ್ಸ್ ಕಲಿಯಬೇಕಾದ ಮೊದಲ ಪಾಠವೂ ಇದೇ.

ಆದರೆ ಆದೋನಿಯ ಅಭಿಮಾನಿಯನ್ನು ಕಾಡುವ ಪ್ರಶ್ನೆ ಅಂಕಪಟ್ಟಿಯದಷ್ಟೇ ಅಲ್ಲ. ಯಾವ ತಂಡ ನಮ್ಮದು? 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಹೋಳಾದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು, ಉಳಿದವು ಮೈಸೂರಿಗೆ. ಅಂದಿನಿಂದ ಇಲ್ಲಿಯ ಕನ್ನಡ ಮಗು ಮನೆಯಲ್ಲೂ ಶಾಲೆಯಲ್ಲೂ ಒಂದು ನುಡಿ, ಹತ್ತಿ ಮಾರುಕಟ್ಟೆಯಲ್ಲೂ ಬಸ್ಸಿನಲ್ಲೂ ಕಚೇರಿಯಲ್ಲೂ ಇನ್ನೊಂದು ನುಡಿ ಎಂಬ ಬದುಕಿಗೆ ಒಗ್ಗಿಕೊಂಡಿದೆ. ಕನ್ನಡ ಮಾಧ್ಯಮದಲ್ಲಿ ಓದುವ ಆ ಮಗುವಿಗೆ ತನ್ನ ನುಡಿ ಪಠ್ಯಪುಸ್ತಕದ ಆಚೆಗೂ ಜೀವಂತವಾಗಿದೆ ಎಂದು ತೋರಿಸುವ ಸಂದರ್ಭಗಳು ವಿರಳ. ಕಬಡ್ಡಿಯ ಕನ್ನಡ ವೀಕ್ಷಕ ವಿವರಣೆ ಅಂಥದ್ದೊಂದು. ದಾಳಿ, ಹಿಡಿತ, ಪಾದದ ಸ್ಪರ್ಶ, ಮಾಡು ಇಲ್ಲವೆ ಮಡಿ ಎಂಬ ಪದಗಳು ಆ ಕ್ಷಣದ ರೋಮಾಂಚನದೊಂದಿಗೆ ಕಿವಿಗೆ ಬೀಳುತ್ತವೆ. ಪಕ್ಕದ ಮನೆಯಲ್ಲಿ ಅದೇ ದಾಳಿಯನ್ನು ತೆಲುಗಿನಲ್ಲಿ ಬಣ್ಣಿಸುತ್ತಿರುತ್ತಾರೆ. ಆಟ ಒಂದೇ, ನುಡಿ ಎರಡು.

ಹಾಗೆಂದು ತಂಡಗಳ ಹೆಸರನ್ನು ಗಡಿಕಲ್ಲಿನಂತೆ ನೆಡುವುದೂ ತರವಲ್ಲ. ಬುಲ್ಸ್‌ಗೆ ಪ್ರಶಸ್ತಿ ತಂದ ರಾತ್ರಿ 22 ದಾಳಿ ಅಂಕ ಗಳಿಸಿದ ಪವನ್ ಸೆಹ್ರಾವತ್, 2019ರಲ್ಲಿ ಅದೇ ತಂಡಕ್ಕಾಗಿ ಒಂದೇ ಪಂದ್ಯದಲ್ಲಿ 39 ದಾಳಿ ಅಂಕ ಕಲೆಹಾಕಿದವರು, 2023ರಲ್ಲಿ 2 ಕೋಟಿ 60.5 ಲಕ್ಷ ರೂಪಾಯಿಗೆ ಟೈಟನ್ಸ್ ಪಾಲಾದರು. ಈ ಸಲ ಟೈಟನ್ಸ್ ದಾಳಿಗೆ ಬಲ ತುಂಬಿದ ಭರತ್ ಹೂಡಾ ಕೂಡ ಹಿಂದೆ ಬುಲ್ಸ್ ಅಂಗಿ ತೊಟ್ಟವರೇ. ಮೊದಲ ಋತುಗಳಲ್ಲಿ ಟೈಟನ್ಸ್ ಪರ ಆಡಿದವರಲ್ಲಿ ಕರ್ನಾಟಕದ ಸುಕೇಶ್ ಹೆಗ್ಡೆ ಇದ್ದರು. ಹರಾಜಿನ ಸುತ್ತಿಗೆ ಬಿದ್ದೊಡನೆ ಆಟಗಾರನ ನಿಷ್ಠೆ ಬದಲಾಗುತ್ತದೆ. ಅಭಿಮಾನಿಯದು ಮಾತ್ರ ನಿಂತಲ್ಲೇ ನಿಲ್ಲುತ್ತದೆ. ಬುಲ್ಸ್ ಗೆಲ್ಲಲೆಂದು ಹಾರೈಸುವುದು ಆಂಧ್ರಕ್ಕೆ ಎಸಗಿದ ದ್ರೋಹವಲ್ಲ. ಬುಲ್ಸ್ ಹೊರಬಿದ್ದ ಮೇಲೆ ಟೈಟನ್ಸ್‌ಗಾಗಿ ಚಪ್ಪಾಳೆ ತಟ್ಟುವುದು ಕನ್ನಡಕ್ಕೆ ಎಸಗಿದ ದ್ರೋಹವೂ ಅಲ್ಲ. ಎರಡು ಭಾಷೆಯಲ್ಲಿ ಬದುಕುವವರಿಗೆ ಎರಡು ಆಸೆಗಳಿಗೂ ಜಾಗವಿದೆ. ಒಂದು ಮಣಿದಾಗ ಇನ್ನೊಂದು ಉಳಿಯುವ ಭಾಗ್ಯ ಬೆಂಗಳೂರಿನ ಅಭಿಮಾನಿಗೂ ಇಲ್ಲ, ವಿಶಾಖಪಟ್ಟಣದ ಅಭಿಮಾನಿಗೂ ಇಲ್ಲ.

ಈ ಒಲವಿಗೆ ಶಾಲೆಯ ಅಂಗಳದಲ್ಲಿ ಬೆಲೆಯಿದೆ. ಕನ್ನಡದವರು ಹುತುತು ಎಂದೂ ತೆಲುಗಿನವರು ಚೆಡುಗುಡು ಎಂದೂ ಕರೆಯುತ್ತ ಬಂದ ಈ ಆಟಕ್ಕೆ ಬ್ಯಾಟು ಬೇಡ, ಚೆಂಡು ಬೇಡ, ಬೂಟೂ ಕಡ್ಡಾಯವಲ್ಲ. 13 ಮೀಟರ್ ಉದ್ದ, 10 ಮೀಟರ್ ಅಗಲದ ಹದವಾದ ನೆಲ, ಒಂದಿಷ್ಟು ಸುಣ್ಣದ ಪುಡಿ, ಹದಿನಾಲ್ಕು ಮಕ್ಕಳು ಸಾಕು. ಮಳೆ ಕೈಕೊಟ್ಟ ವರ್ಷ ತಂದೆತಾಯಿಯೊಡನೆ ಮಕ್ಕಳೂ ಗುಳೆ ಹೋಗುವ ಈ ಪಶ್ಚಿಮ ಕರ್ನೂಲು ಸೀಮೆಯಲ್ಲಿ, ಮಗುವನ್ನು ಶಾಲೆಗೆ ಎಳೆದು ತರುವ ಯಾವ ಸೆಳೆತವನ್ನೂ ಹಗುರವಾಗಿ ಕಾಣಲಾಗದು. ಸಂಜೆಯ ಆಟಕ್ಕಾಗಿ ಬೆಳಗಿನ ಪಾಠಕ್ಕೆ ಬರುವ ಮಗುವೂ ಪಾಠಕ್ಕೆ ಬಂದ ಮಗುವೇ. ಅಂಕಪಟ್ಟಿಯನ್ನು ಮಕ್ಕಳಿಂದಲೇ ಬರೆಸಿ, ನೋಡಿದ ಪಂದ್ಯದ ವರದಿಯನ್ನು ಕನ್ನಡದಲ್ಲಿ ಒಮ್ಮೆ, ತೆಲುಗಿನಲ್ಲಿ ಒಮ್ಮೆ ಹೇಳಿಸಿದರೆ ಗಣಿತಕ್ಕೂ ಭಾಷೆಗೂ ಅದಕ್ಕಿಂತ ಒಳ್ಳೆಯ ಮನೆಪಾಠ ಬೇರೆ ಬೇಕಿಲ್ಲ.

ಇನ್ನು ಮುಂದಿನ ಋತುವಿನ ಮಾತು. ಎರಡು ಗೆಲುವಿನಿಂದ ಹನ್ನೊಂದಕ್ಕೆ ಏರಿದ ತಂಡಕ್ಕೆ ಹದಿಮೂರು ದೂರದ ಸಂಖ್ಯೆಯಲ್ಲ. ಬುಲ್ಸ್ ಆರಂಭದ ವಾರದಲ್ಲೇ ಎಚ್ಚೆತ್ತರೆ, ಇಕ್ಕಟ್ಟಿನ ಕೊನೆಯ ನಿಮಿಷಗಳಲ್ಲಿ ದಾಳಿಗಾರ ಬರಿಗೈಯಲ್ಲಿ ಮರಳದಿದ್ದರೆ, ಅಗ್ರ ಎರಡರ ಸ್ಥಾನವನ್ನು ನಿರೀಕ್ಷಿಸುವುದು ದುರಾಸೆಯಾಗದು. ಟೈಟನ್ಸ್ ಕೂಡ ಈ ಸಲದ ಹಿಡಿತವನ್ನು ಸಡಿಲಿಸದಿದ್ದರೆ ಎರಡೂ ತಂಡಗಳು ಅಂತಿಮ ಪಂದ್ಯದಲ್ಲೇ ಎದುರಾಗಬಹುದು. ಆ ಇರುಳು ಆದೋನಿಯ ಕನ್ನಡ ಮನೆಗಳಲ್ಲಿ ಯಾರು ಗೆದ್ದರೂ ಕಿರೀಟ ದೂರದ ಊರಿಗೆ ಹೋಗದು.