ಮುನ್ಷಿಯ ಎದುರು ಕುಳಿತ ಪಾದ್ರಿ

ಶೃಂಗೇರಿಯಲ್ಲಿ 1346ರ ಶಾಸನವೊಂದಿದೆ. ಹರಿಹರ ಮತ್ತು ಅವನ ಸೋದರರು ಭಾರತೀತೀರ್ಥರಿಗೂ ಅವರ ಶಿಷ್ಯರಿಗೂ ಭೂಮಿಯನ್ನು ದಾನ ಬಿಟ್ಟ ಸಂಗತಿಯನ್ನು ಅದು ಹೇಳುತ್ತದೆ. ವಿಜಯನಗರದ ಆರಂಭದ ಬಗ್ಗೆ ಬರೆಯುವ ಯಾರೂ ಈ ಕಲ್ಲನ್ನು ದಾಟಿ ಹೋಗುವಂತಿಲ್ಲ. ಇದನ್ನೂ ಕೊಪ್ಪ ಸೀಮೆಯ ಇತರ ಶಾಸನಗಳನ್ನೂ ಒಳಗೊಂಡ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟ 1901ರಲ್ಲಿ ಹೊರಬಂತು. ಆಗ ಈ ಪ್ರದೇಶವೆಲ್ಲ ಕಡೂರು ಜಿಲ್ಲೆ. ಇಂದಿನ ನರಸಿಂಹರಾಜಪುರಕ್ಕೆ ಎಡೇಹಳ್ಳಿ ಎಂಬ ಹೆಸರು. ಸಂಪುಟದ ಸಂಪಾದಕ ಬಿ. ಎಲ್. ರೈಸ್.

ರೈಸ್ ಮೈಸೂರು ಸರ್ಕಾರದ ಅಧಿಕಾರಿ. ಆದರೆ ಅವರ ತಂದೆ ಬೆಂಗಳೂರಿನಲ್ಲಿ ಲಂಡನ್ ಮಿಷನ್ನಿನ ಪಾದ್ರಿ. ಮಗ ಹುಟ್ಟಿದ್ದು ಬೆಂಗಳೂರಿನಲ್ಲೇ, 1837ರಲ್ಲಿ. ಹೀಗಾಗಿ ಕನ್ನಡ ಅವರ ಕಿವಿಗೆ ಎಳವೆಯಲ್ಲೇ ಬಿದ್ದಿತ್ತು. ತಂದೆಯ ತಲೆಮಾರಿನವರಿಗೆ ಆ ಭಾಗ್ಯವಿರಲಿಲ್ಲ. ಮೀಸೆ ಬಲಿತ ವಯಸ್ಸಿನಲ್ಲಿ ಹಡಗಿಳಿದು, ‘ಅ ಆ ಇ ಈ’ಯಿಂದ ಆರಂಭಿಸಬೇಕಾಗಿತ್ತು.

ಪಾದ್ರಿ ಎಂದೊಡನೆ ಸಂತೆ ಜಾತ್ರೆಗಳಲ್ಲಿ ನಿಂತು ಉಪದೇಶ ಮಾಡುವ, ಪುಸ್ತಕ ಹಂಚುವ ವ್ಯಕ್ತಿ ಕಣ್ಣಮುಂದೆ ಬರುತ್ತಾನೆ. ಆದರೆ ಬಂದ ಹೊಸತರಲ್ಲಿ ಆತ ಉಪದೇಶಕನಲ್ಲ, ವಿದ್ಯಾರ್ಥಿ. ದಿನದ ಬಹುಪಾಲು ಸಂಬಳಕ್ಕೆ ಗೊತ್ತುಮಾಡಿದ ಮುನ್ಷಿಯ ಎದುರು ಕಳೆಯುತ್ತಿತ್ತು. ಓದು ಬಲ್ಲ ಮುನ್ಷಿ ಎಂದರೆ ಆ ಕಾಲದಲ್ಲಿ ಹೆಚ್ಚಾಗಿ ಬ್ರಾಹ್ಮಣ. ತನ್ನವರ ಧರ್ಮವನ್ನು ಬಿಡಿಸಲೆಂದೇ ಬಂದವನಿಗೆ ಮಾತು ಕಲಿಸುವ ಕೆಲಸ ಅವನದು. ತಾನು ಯಾರನ್ನು ಬದಲಾಯಿಸಬೇಕೆಂದು ಬಂದಿದ್ದಾನೋ ಅವನಿಂದಲೇ ತಿದ್ದಿಸಿಕೊಳ್ಳುವ ಪಾಡು ಇವನದು. ಈ ವಿಚಿತ್ರ ನಂಟಿನಿಂದ ಕನ್ನಡಕ್ಕೆ ಆದ ಲಾಭ ಮಾತ್ರ ದೊಡ್ಡದು.

ಕಲಿಕೆ ಸುಲಭವಾಗಿರಲಿಲ್ಲ. ಜರ್ಮನ್ನರ ಬಾಯಲ್ಲಿ ಪದದ ಮೊದಲ ‘ಕ’ ಉಸಿರು ಸೇರಿಸಿಕೊಂಡೇ ಹೊರಡುತ್ತದೆ. ‘ಕಲ್ಲು’ ‘ಖಲ್ಲು’ ಆಗುತ್ತದೆ. ‘ಹಲ್ಲಿ’ಗೂ ‘ಹಳ್ಳಿ’ಗೂ ಇರುವ ವ್ಯತ್ಯಾಸ ಅವರ ಕಿವಿಗೇ ಬೀಳದು. ವ್ಯಾಕರಣದ ಗೋಜು ಇನ್ನೂ ಬೇರೆ. ‘ನನಗೆ ಹಸಿವಾಗಿದೆ’ ಎಂಬಲ್ಲಿ ಹಸಿದವನು ಕರ್ತೃವಲ್ಲ, ಹಸಿವೇ ಕರ್ತೃ. ಹೊರಟುನಿಂತವನು ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರುತ್ತೇನೆ’ ಎನ್ನುತ್ತಾನೆ. ನೀನು, ನೀವು, ತಾವು ಇವುಗಳಲ್ಲಿ ಯಾವುದು ಯಾರಿಗೆ ಎಂಬುದನ್ನು ಪುಸ್ತಕ ಹೇಳಿಕೊಡದು. ಮುನ್ಷಿ ಕಲಿಸಿದ ಗ್ರಂಥದ ಕನ್ನಡವನ್ನು ಹೊತ್ತು ಮಲೆನಾಡಿನ ಕಡೆಗೆ ಬಂದರಂತೂ ಮುಗಿಯಿತು. ಕಾನು, ಬ್ಯಾಣ, ಹಕ್ಕಲು, ಸೊಪ್ಪಿನಬೆಟ್ಟ ಎಂಬ ಮಾತುಗಳು ಬಯಲುಸೀಮೆಯ ಕನ್ನಡಿಗನಿಗೇ ಹೊಸವು.

ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ವಿಲಿಯಂ ರೀವ್ ಈ ತೊಡಕನ್ನು ನೀಗಲು ನಿಘಂಟಿಗೆ ಕೈಹಾಕಿದ; ಆತನ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಬಂತು. ಅತ್ತ ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1834ರಲ್ಲಿ ನೆಲೆಯೂರಿತು. ಅಲ್ಲಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ್ದು ಎಲ್ಲರಿಗೂ ಗೊತ್ತು. ಆತ ದಾಸರ ಪದಗಳನ್ನೂ ಬಸವಪುರಾಣ, ಜೈಮಿನಿ ಭಾರತಗಳನ್ನೂ ಕಲ್ಲಚ್ಚಿನಲ್ಲಿ ಮುದ್ರಿಸಿದ್ದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಬೈಬಲ್ ಹಂಚಲು ಬಂದವನು ಪುರಂದರದಾಸರನ್ನು ಅಚ್ಚು ಹಾಕಿಸಿದ!

1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ ವಿದ್ಯಾರ್ಥಿದೆಸೆಯನ್ನು ಜೀವಮಾನವಿಡೀ ಮುಗಿಸಲಿಲ್ಲ. ಧಾರವಾಡ, ಮಂಗಳೂರು, ಮಡಿಕೇರಿ ಎಂದು ಊರೂರು ಸುತ್ತಿದ್ದೂ ಆ ಓದಿಗೆ ನೆರವಾಯಿತು. 1862ರಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿಗೆ ಇಳಿಸಿ ‘ಕಥಾಮಾಲೆ’ ಬರೆದ. ಅನಂತರ ಕೇಶಿರಾಜನ ‘ಶಬ್ದಮಣಿದರ್ಪಣ’, ನಾಗವರ್ಮನ ‘ಛಂದೋಂಬುಧಿ’ಗಳನ್ನು ಸಂಪಾದಿಸಿದ. ಪಾಂಡಿತ್ಯದ ಗೀಳಿನಿಂದ ಮತಪ್ರಚಾರ ಹಿಂದೆ ಬೀಳುತ್ತದೆ ಎಂಬ ಅಸಮಾಧಾನ ಮಿಷನ್ ವಲಯದಲ್ಲಿತ್ತು. ಅದು ಅನ್ಯಾಯದ ಮಾತೂ ಅಲ್ಲ. ಜನ ದುಡ್ಡು ಕೊಟ್ಟು ಕಳುಹಿಸಿದ್ದು ಹಳಗನ್ನಡದ ವ್ಯಾಕರಣ ಓದಲೆಂದಲ್ಲವಷ್ಟೆ.

ಮನೆಯ ಕಷ್ಟಗಳೂ ಇದ್ದವು. ಬಾಸೆಲ್ ಮಿಷನ್ನಿನ ಪಾದ್ರಿಗಳು ಸಮಿತಿಯ ಒಪ್ಪಿಗೆಯಿಲ್ಲದೆ ಮದುವೆಯಾಗುವಂತಿರಲಿಲ್ಲ. ಎಷ್ಟೋ ಮಂದಿ ವಧುಗಳು ವರನ ಪರಿಚಯವಿಲ್ಲದೆಯೇ ಹಡಗು ಹತ್ತಿದರು. ಜ್ವರ, ಹೆರಿಗೆಗಳಲ್ಲಿ ತೀರಿಕೊಂಡವರ ಸಮಾಧಿಗಳು ಕರಾವಳಿಯಲ್ಲಿವೆ. ಕಿಟ್ಟೆಲ್ಲನ ಪತ್ನಿ ಪೌಲೀನ್ 1864ರಲ್ಲಿ ತೀರಿಕೊಂಡಳು. ಆತ ಮುಂದೆ ಅವಳ ಸೋದರಿ ಜೂಲಿಯನ್ನು ಮದುವೆಯಾದ.

ಊರಿನವರ ಕಣ್ಣಿಗೆ ಪಾದ್ರಿ ಹೇಗೆ ಕಾಣುತ್ತಿದ್ದ? ಮಲೆನಾಡಿನ ಮಟ್ಟಿಗೆ ಇದಕ್ಕೆ ಉತ್ತರ ಸಿಗುವುದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ. ಅಲ್ಲಿ ಉಪದೇಶಿ ಜೀವರತ್ನಯ್ಯ ಇದ್ದಾನೆ, ಮಿಷನ್ ಜೊತೆ ಬಂದ ಬೈಸಿಕಲ್ ಇದೆ. ಹಳ್ಳಿಯ ಬಾಯಲ್ಲಿ ಆ ವಾಹನ ‘ಬೀಸೇಕಲ್ಲು’! ಪಾದ್ರಿ ಕನ್ನಡದ ಉಚ್ಚಾರಕ್ಕೆ ತಡವರಿಸಿದಂತೆ ಹಳ್ಳಿಯೂ ಅವನ ಇಂಗ್ಲಿಷಿಗೆ ತಡವರಿಸಿತು. ಆದರೆ ತಡವರಿಸಿ ಸುಮ್ಮನಾಗದೆ ಅದನ್ನು ತನ್ನ ಒರಳು ಬೀಸುಕಲ್ಲುಗಳ ಸಾಲಿಗೆ ಸೇರಿಸಿಕೊಂಡಿತು.

ಕಿಟ್ಟೆಲ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು 70,000 ಪದಗಳು, 1,700ಕ್ಕೂ ಹೆಚ್ಚು ಪುಟಗಳು. ಅರ್ಥದ ಜೊತೆಗೆ ತಮಿಳು, ತೆಲುಗು, ತುಳು, ಮಲಯಾಳಗಳ ಸೋದರ ಪದಗಳಿವೆ. ಕವಿಗಳ ಪ್ರಯೋಗದ ಪಕ್ಕದಲ್ಲೇ ಅಡುಗೆಮನೆಯ, ಹೊಲದ ಗಾದೆಗಳಿವೆ. ಇವುಗಳಲ್ಲಿ ಎಷ್ಟನ್ನು ಮುನ್ಷಿಗಳು ಹೇಳಿಕೊಟ್ಟರು, ಎಷ್ಟು ದಾರಿಯಲ್ಲಿ ಸಿಕ್ಕ ರೈತರದು ಎಂಬ ಲೆಕ್ಕ ತೆಗೆಯುವುದು ಕಷ್ಟ. ಮುಖಪುಟದ ಮೇಲಿರುವುದು ಒಂದೇ ಹೆಸರು. ಕಿಟ್ಟೆಲ್ 1903ರ ಡಿಸೆಂಬರಿನಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡ. ಆತನ ಕನ್ನಡ ವ್ಯಾಕರಣ ಹೊರಬಂದದ್ದೂ ಅದೇ ವರ್ಷ. ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದರು. ಅದು ಮದರಾಸು ವಿಶ್ವವಿದ್ಯಾನಿಲಯದಿಂದ 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟವಾಯಿತು.