ಫಾರ್ಮಾಲಿನ್ ವಾಸನೆ ಹೋದ್ರೆ ವಿಷ ಹೋಯ್ತಾ? ಮೀಟರನ್ನ ಎಷ್ಟು ನಂಬಬೇಕು?



ಸಿರುಗುಪ್ಪ, ಕುರುಗೋಡು ಕಡೆ ಭತ್ತದ ಹುಲ್ಲಿಗೆ ಬರವಿಲ್ಲ. ಆ ಹುಲ್ಲಿನಲ್ಲಿ ಚಿಪ್ಪು ಅಣಬೆ ಬೆಳೆಯೋರು, ಮೆಣಸಿನಕಾಯಿ ಸಸಿ ಮಡಿ ಮಾಡೋರು ಶಿಲೀಂಧ್ರ ಕೊಲ್ಲಲು ಫಾರ್ಮಾಲಿನ್ ಬಳಸೋದುಂಟು. ಫಾರ್ಮಾಲ್ಡಿಹೈಡ್ ಎಂಬ ಅನಿಲವನ್ನು ಶೇ. 37ರಿಂದ 40ರಷ್ಟು ನೀರಿನಲ್ಲಿ ಕರಗಿಸಿದ್ದೇ ಫಾರ್ಮಾಲಿನ್. ಅಣಬೆ ಹುಲ್ಲಿಗೆ ರೂಢಿಯ ಅಳತೆ 100 ಲೀಟರ್ ನೀರಿಗೆ 125 ಮಿ.ಲೀ., ಜೊತೆಗೆ ಕಾರ್ಬೆಂಡಜಿಮ್.

ಶಿಲೀಂಧ್ರ ಸಾಯುತ್ತೆ, ನಿಜ. ಆದರೆ ಬಿಸಿಲೇರಿದಷ್ಟೂ ಅನಿಲ ಹೆಚ್ಚು ಏಳುತ್ತೆ. ಕಣ್ಣುರಿ, ಗಂಟಲು ಕೆರೆತ ಮೊದಲ ಲಕ್ಷಣ. 2004ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಒಳಾಂಗಣ ಗಾಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಒಂದು ಘನ ಮೀಟರಿಗೆ 0.1 ಮಿ.ಗ್ರಾಂ. ಮೂಗು ಸ್ವಲ್ಪ ಹೊತ್ತಿಗೇ ವಾಸನೆಗೆ ಒಗ್ಗಿಕೊಳ್ಳುತ್ತೆ, ಹಾಗಾಗಿ ವಾಸನೆ ಬರಲಿಲ್ಲ ಅಂದ್ರೆ ಅನಿಲ ಇಲ್ಲ ಅಂತಲ್ಲ.

ಮೀಟರ್ ಹೇಗೆ ಅಳೆಯುತ್ತೆ?

ಸತ್ಯನಾರಾಯಣಪೇಟೆಯಲ್ಲಿ ಕೂತು ಫೋನಿನಲ್ಲೇ ಫಾರ್ಮಾಲ್ಡಿಹೈಡ್ ಮೀಟರ್ ತರಿಸಬಹುದು. ಒಳ್ಳೆಯ ಮೀಟರಿನೊಳಗೆ ಪುಟ್ಟ ಬ್ಯಾಟರಿಯಂಥ ಕೋಶ ಇರುತ್ತೆ. ತೆಳು ಪೊರೆ ದಾಟಿ ಬಂದ ಅನಿಲ, ಪ್ಲಾಟಿನಂನಂಥ ಲೋಹ ಲೇಪಿಸಿದ ವಿದ್ಯುದ್ವಾರಕ್ಕೆ ತಾಗುತ್ತೆ. ಅಲ್ಲಿ ನೀರಿನೊಂದಿಗೆ ಸೇರಿ ಉತ್ಕರ್ಷಣೆಯಾಗಿ ಕೊನೆಗೆ ಇಂಗಾಲದ ಡೈಆಕ್ಸೈಡ್ ಆಗುತ್ತೆ. ಪೂರ್ತಿ ಉತ್ಕರ್ಷಣೆಯಾದರೆ ಒಂದು ಅಣುವಿಗೆ ನಾಲ್ಕು ಎಲೆಕ್ಟ್ರಾನ್ ಬಿಡುಗಡೆ. ಎಲೆಕ್ಟ್ರಾನ್ ಹರಿದರೆ ಕರೆಂಟ್. ಅನಿಲ ಹೆಚ್ಚಿದ್ದಷ್ಟು ಕರೆಂಟ್ ಹೆಚ್ಚು. ಮೀಟರ್ ಅದನ್ನೇ ಅಂಕಿಯಾಗಿ ತೋರಿಸುತ್ತೆ. ಲೋಹ ಇಲ್ಲಿ ಖರ್ಚಾಗಲ್ಲ, ಕ್ರಿಯೆಯನ್ನು ಸುಲಭ ಮಾಡುತ್ತೆ ಅಷ್ಟೆ. ಇದಕ್ಕೇ ವೇಗವರ್ಧಕ ಅನ್ನೋದು.

ಒಂದು ತೊಡಕಿದೆ. ನಡುವೆ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಪ್ಲಾಟಿನಂ ಮೇಲೆ ಗಟ್ಟಿಯಾಗಿ ಅಂಟಿ ಜಾಗ ಮುಚ್ಚುತ್ತೆ. ಅದಕ್ಕೇ ಸಂಶೋಧಕರು ಪ್ಲಾಟಿನಂ ಜೊತೆ ರುಥೇನಿಯಂ ಬೆರೆಸೋದು, ಪಲ್ಲಾಡಿಯಂ, ಚಿನ್ನ ಬಳಸೋದು ಮಾಡ್ತಾರೆ.

ಎಲ್ಲಿ ಮೋಸ ಹೋಗ್ತೀವಿ?

- ಸ್ಯಾನಿಟೈಸರ್, ಸ್ಪಿರಿಟ್, ಹೊಗೆ ಕೂಡ ಆ ಲೋಹದ ಮೇಲೆ ಉತ್ಕರ್ಷಣೆಯಾಗುತ್ತವೆ. ಅಣಬೆ ಬೀಜ ಹಾಕೋ ಮೊದಲು ಸ್ಪಿರಿಟ್ಟಿನಲ್ಲಿ ಕೈ ಒರೆಸಿ ಮೀಟರ್ ಹಿಡಿದ್ರೆ ಅಂಕಿ ಸುಮ್ಮನೆ ಏರಬಹುದು.
- ನಮ್ಮ ಬಳ್ಳಾರಿ ಬೇಸಿಗೆಯ ಒಣ ಹವೆಗೆ ಕೋಶದೊಳಗಿನ ದ್ರಾವಣ ಒಣಗಬಹುದು. ಸತ್ತ ಕೋಶವೂ ಸೊನ್ನೆ ತೋರಿಸುತ್ತೆ! ಮೊದಲು ಹೊರಗಾಳಿಯಲ್ಲಿ ನೋಡಿ, ಕಾಲಕಾಲಕ್ಕೆ ಕ್ಯಾಲಿಬ್ರೇಷನ್ ಮಾಡಿಸಿ.
- ಮೀಟರ್ ಅಳೆಯೋದು ಗಾಳಿಯನ್ನ, ಮಣ್ಣನ್ನಲ್ಲ.

ಮಣ್ಣಿಗೆ ಸಾಸಿವೆ ಪರೀಕ್ಷೆ

ಉಪಚರಿಸಿದ ಮಣ್ಣನ್ನು ಮುಚ್ಚಳದ ಬಾಟಲಿಗೆ ಅರ್ಧ ತುಂಬಿ, ಹದವಾಗಿ ತೇವ ಮಾಡಿ ಸಾಸಿವೆ ಚೆಲ್ಲಿ ಮುಚ್ಚಿ. ಇನ್ನೊಂದರಲ್ಲಿ ಉಪಚರಿಸದ ಮಣ್ಣು. ಎರಡನ್ನೂ ನೆರಳಲ್ಲಿಡಿ. ಮೂರ್ನಾಲ್ಕು ದಿನದಲ್ಲಿ ಎರಡೂ ಒಂದೇ ಸಮ ಮೊಳೆತರೆ ಬಿತ್ತಬಹುದು. ಇಲ್ಲಾಂದ್ರೆ ಮಣ್ಣು ಕೆದರಿ ಇನ್ನಷ್ಟು ದಿನ ಗಾಳಿಗೆ ಬಿಡಿ.

ಫಾರ್ಮಾಲಿನ್ ಬೇಕೇಬೇಕಾ?

ಸಾವಯವದಲ್ಲಿ ಇದಕ್ಕೆ ಜಾಗವಿಲ್ಲ. ಹುಲ್ಲನ್ನು 65–70 ಡಿಗ್ರಿ ಬಿಸಿನೀರಲ್ಲಿ ಒಂದು ಗಂಟೆ ಅದ್ದಿದರೆ ಸಾಕು. ಸಸಿ ಮಡಿಗೆ ಏಪ್ರಿಲ್-ಮೇ ಬಿಸಿಲಲ್ಲಿ ನೀರುಣಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ 4ರಿಂದ 6 ವಾರ ಬಿಡಿ. ನಮ್ಮಲ್ಲಿ ಬಿಸಿಲಿಗೆ ದುಡ್ಡು ಕೊಡಬೇಕಿಲ್ಲ.

ಬಳಸಲೇಬೇಕಾದರೆ ಬಯಲಲ್ಲಿ, ಕೈಗವಸು, ಕನ್ನಡಕ ಹಾಕಿ ಬಳಸಿ. ಮಾಮೂಲಿ ಬಟ್ಟೆ ಮಾಸ್ಕ್ ಈ ಅನಿಲ ತಡೆಯಲ್ಲ. ಮಕ್ಕಳು, ಗರ್ಭಿಣಿಯರು ಹತ್ತಿರ ಸುಳಿಯದಂತೆ ನೋಡಿಕೊಳ್ಳಿ.