ಮುಟ್ಟು ತಪ್ಪುವ ಹೊತ್ತಿಗೆ ಭ್ರೂಣ ಎಷ್ಟು ಬೆಳೆದಿರುತ್ತದೆ?

ಶರೀರ ರಚನೆಯ ಪಾಠ ವೈದ್ಯ ವಿದ್ಯಾರ್ಥಿಗಳಿಗೆ ಮಾತ್ರ ಎಂದು ನೀವು ಭಾವಿಸಿರಬಹುದು. ಆದರೆ ಅದರ ಮೊದಲ ಅಧ್ಯಾಯವನ್ನು ಮಗುವಿನ ಕನಸು ಕಾಣುವ ಪ್ರತಿ ದಂಪತಿಯೂ ತಿಳಿದಿರಬೇಕು. ಏಕೆಂದರೆ ತಾನು ಗರ್ಭಿಣಿ ಎಂದು ತಾಯಿಗೆ ಗೊತ್ತಾಗುವ ಮೊದಲೇ ಮಗುವಿನ ಅಂಗಗಳು ಮೂಡತೊಡಗಿರುತ್ತವೆ.

ನಮ್ಮ ಶರೀರ ಜೀವಕೋಶಗಳಿಂದಾಗಿದೆ. ಒಂದೇ ಕೆಲಸಕ್ಕಾಗಿ ಒಟ್ಟುಗೂಡಿದ ಜೀವಕೋಶಗಳನ್ನು ಅಂಗಾಂಶ ಎನ್ನುತ್ತೇವೆ. ಇದರಲ್ಲಿ ನಾಲ್ಕು ಮುಖ್ಯ ವಿಧಗಳಿವೆ. ಹೊದಿಕೆಯಂತಿರುವುದು ಅನುಲೇಪಕ, ಜೋಡಿಸಿ ಆಧಾರ ಕೊಡುವುದು ಸಂಯೋಜಕ, ಚಲನೆಗೆ ಸ್ನಾಯು, ಸಂದೇಶಕ್ಕೆ ನರ. ಜಠರವನ್ನೇ ನೋಡಿ. ಒಳಗಿನ ಲೋಳೆಪೊರೆ, ಅದಕ್ಕೆ ಆಧಾರವಾದ ಪದರ, ಆಹಾರವನ್ನು ಕಡೆಯುವ ಸ್ನಾಯು, ಅದನ್ನು ನಿಯಂತ್ರಿಸುವ ನರ, ಹೀಗೆ ನಾಲ್ಕೂ ಅಲ್ಲಿವೆ.

ಯುನಾನಿ ವೈದ್ಯರಿಗೆ ಇಂತಹ ವಿಂಗಡಣೆ ಹೊಸದಲ್ಲ. ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಅಂಗಗಳನ್ನು ಮುಫ್ರದ್ ಅಂದರೆ ಸರಳ, ಮುರಕ್ಕಬ್ ಅಂದರೆ ಸಂಯುಕ್ತ ಎಂದು ವಿಂಗಡಿಸಿದ್ದರು. ಮೂಳೆಯ ಚೂರು ಕೂಡ ಮೂಳೆಯೇ, ಆದ್ದರಿಂದ ಅದು ಸರಳ. ಕೈಯ ತುಂಡು ಕೈ ಎನಿಸಿಕೊಳ್ಳುವುದಿಲ್ಲ, ಆದ್ದರಿಂದ ಅದು ಸಂಯುಕ್ತ. ಸೂಕ್ಷ್ಮದರ್ಶಕವಿಲ್ಲದ ಕಾಲದ ಈ ವಿಂಗಡಣೆ ಇಂದಿನ ಅಂಗಾಂಶದ ಕಲ್ಪನೆಗೆ ಬಹಳ ಹತ್ತಿರದ್ದು.

ಇಷ್ಟೆಲ್ಲ ಅಂಗಗಳು ಒಂದೇ ಜೀವಕೋಶದಿಂದ ಹುಟ್ಟುತ್ತವೆ. ಅಂಡನಾಳದಲ್ಲಿ ವೀರ್ಯಾಣು ಮತ್ತು ಅಂಡಾಣು ಸೇರಿದಾಗ ಆ ಕೋಶ ಉಂಟಾಗುತ್ತದೆ. ಅದು ಎರಡಾಗಿ, ನಾಲ್ಕಾಗಿ ವಿಭಜಿಸುತ್ತಾ ಗರ್ಭಕೋಶದತ್ತ ಸಾಗಿ, ಆರೇಳು ದಿನಗಳಲ್ಲಿ ಅದರ ಗೋಡೆಗೆ ಅಂಟಿಕೊಳ್ಳತೊಡಗುತ್ತದೆ. ಮೂರನೆಯ ವಾರದಲ್ಲಿ ಭ್ರೂಣದಲ್ಲಿ ಮೂರು ಪದರಗಳು ಮೂಡುತ್ತವೆ. ಹೊರಪದರದಿಂದ ಮೆದುಳು, ಬೆನ್ನುಹುರಿ ಮತ್ತು ಚರ್ಮದ ಮೇಲ್ಪದರ. ನಡುಪದರದಿಂದ ಹೃದಯ, ರಕ್ತ, ಮೂಳೆ, ಸ್ನಾಯು, ಮೂತ್ರಪಿಂಡ. ಒಳಪದರದಿಂದ ಕರುಳು ಮತ್ತು ಶ್ವಾಸಕೋಶಗಳ ಒಳಪೊರೆ, ಯಕೃತ್ತು ರೂಪುಗೊಳ್ಳುತ್ತವೆ.

ಈಗ ದಿನಗಳನ್ನು ಲೆಕ್ಕ ಹಾಕಿ. ಗರ್ಭ ನಿಂತು ಸುಮಾರು 14 ದಿನಗಳಾದಾಗ ಮುಟ್ಟು ತಪ್ಪುತ್ತದೆ. 22ನೇ ದಿನದ ಸುಮಾರಿಗೆ ಹೃದಯ ಮಿಡಿಯತೊಡಗುತ್ತದೆ. ಮುಂದೆ ಮೆದುಳು ಮತ್ತು ಬೆನ್ನುಹುರಿಯಾಗುವ ನರನಳಿಕೆ 28ನೇ ದಿನದ ಹೊತ್ತಿಗೆ ಮುಚ್ಚಿಕೊಳ್ಳಬೇಕು. ಅದು ಸರಿಯಾಗಿ ಮುಚ್ಚದಿದ್ದರೆ ಮಗು ಬೆನ್ನುಹುರಿಯ ಅಥವಾ ಮೆದುಳಿನ ಗಂಭೀರ ದೋಷದೊಂದಿಗೆ ಹುಟ್ಟಬಹುದು. "ಮುಟ್ಟು ಎರಡು ವಾರ ತಡವಾಯಿತು, ಇನ್ನು ಡಾಕ್ಟರರಿಗೆ ತೋರಿಸೋಣ" ಎಂದು ಹೊರಡುವಷ್ಟರಲ್ಲಿ ಆ ಅವಧಿ ಮುಗಿದಿರುತ್ತದೆ. ಎಂಟು ವಾರ ತುಂಬುವಾಗ ಮುಖ್ಯ ಅಂಗಗಳೆಲ್ಲ ರೂಪ ಪಡೆದಿರುತ್ತವೆ.

ಆದ್ದರಿಂದ ಸಿದ್ಧತೆ ಗರ್ಭಕ್ಕೆ ಮುಂಚೆಯೇ ಆಗಬೇಕು. ಕನಿಷ್ಠ ಒಂದು ತಿಂಗಳು ಮೊದಲಿನಿಂದ ಗರ್ಭದ ಮೂರು ತಿಂಗಳವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಸೇವಿಸಿದರೆ ನರನಳಿಕೆಯ ದೋಷದ ಸಾಧ್ಯತೆ ಬಹಳಷ್ಟು ತಗ್ಗುತ್ತದೆ. ಸೊಪ್ಪು, ಕಾಳುಗಳು ಒಳ್ಳೆಯವೇ. ಆದರೆ ಅವು ಮಾತ್ರೆಗೆ ಬದಲಿಯಲ್ಲ. ಹಿಂದಿನ ಮಗುವಿಗೆ ಇಂತಹ ದೋಷವಿದ್ದರೆ ಹೆಚ್ಚಿನ ಪ್ರಮಾಣ ಬೇಕಾಗುತ್ತದೆ, ವೈದ್ಯರನ್ನು ಕೇಳಿ. ಸಕ್ಕರೆ ಕಾಯಿಲೆಯಿದ್ದವರು ಮೊದಲೇ ಅದನ್ನು ಹತೋಟಿಗೆ ತಂದುಕೊಳ್ಳಿ. ಅಪಸ್ಮಾರಕ್ಕೆ ಔಷಧ ಸೇವಿಸುವವರು ಅದನ್ನು ತಾವಾಗಿ ನಿಲ್ಲಿಸಬಾರದು; ಗರ್ಭ ಧರಿಸುವ ಯೋಚನೆಯನ್ನು ವೈದ್ಯರಿಗೆ ತಿಳಿಸಿದರೆ ಬೇಕಾದ ಬದಲಾವಣೆಯನ್ನು ಅವರೇ ಮಾಡುತ್ತಾರೆ.

ಯುನಾನಿ ಔಷಧಕ್ಕೆ ಅಡ್ಡಪರಿಣಾಮವೇ ಇಲ್ಲ ಎಂಬ ನಂಬಿಕೆ ಅನೇಕ ಮನೆಗಳಲ್ಲಿದೆ. ಅದು ಸರಿಯಲ್ಲ. ಲೋಹಗಳನ್ನು ಸುಟ್ಟು ತಯಾರಿಸುವ ಕುಶ್ತಾವನ್ನಾಗಲಿ, ಯಾರೋ ಹೇಳಿದ ಮಜೂನನ್ನಾಗಲಿ ಈ ದಿನಗಳಲ್ಲಿ ಸ್ವಂತವಾಗಿ ತೆಗೆದುಕೊಳ್ಳಬೇಡಿ.

ಮಗಳ ಅಥವಾ ಸೊಸೆಯ ಮದುವೆಯ ಸಿದ್ಧತೆಯಲ್ಲಿರುವ ತಾಯಂದಿರೇ, ಚಿನ್ನ, ಬಟ್ಟೆಗಳ ಪಟ್ಟಿಯಲ್ಲಿ ಈ ಪುಟ್ಟ ಮಾತ್ರೆಗೂ ಒಂದು ಸಾಲು ಇರಲಿ. ಬೆಲೆ ತೀರಾ ಕಡಿಮೆ. ಆದರೆ ತಡವಾದರೆ ಅದರ ಪ್ರಯೋಜನ ಸಿಗದು.